ಜಾಗ ಇದೆ, ಟಿಕೆಟ್ ಇಲ್ಲ

ರಾತ್ರಿ ಎರಡೂಕಾಲಿಗೆ ಫೋನ್ ಹೊಡ್ಕೊಂಡ್ರೆ ಒಂದೋ ಊರಲ್ಲಿ ಯಾರಿಗೋ ಏನೋ ಆಗಿರುತ್ತೆ, ಇಲ್ಲಾ ಸರ್ವರ್ ಬಿದ್ದಿರುತ್ತೆ. ಅವತ್ತು ಬಿದ್ದಿದ್ದು ಸರ್ವರ್. ಆಸ್ಪತ್ರೆ ಬಿಲ್‌ಗಳ ಫೋಟೋ ತಗೊಂಡು ಇನ್ಶೂರೆನ್ಸ್ ಕ್ಲೇಮಿಗೆ ಕಳಿಸೋ ಆ್ಯಪ್ ನಮ್ಮದು. ಒಂದು ಗಂಟೆಯಿಂದ ಯಾರ ಬಿಲ್ಲೂ ಅಪ್‌ಲೋಡ್ ಆಗಿರಲಿಲ್ಲ. ಅಷ್ಟೊತ್ತಲ್ಲಿ ಬಿಲ್ ಕಳಿಸೋರು ಎಲ್ಲಿ ಕೂತಿರ್ತಾರೆ ಅಂತ ನಿಮಗೇ ಗೊತ್ತು.

ಲಾಗ್‌ನಲ್ಲಿ ಒಂದೇ ಸಾಲು: 'ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್'. ಡಿಸ್ಕ್ ನೋಡಿದ್ರೆ 100 ಜಿಬಿಯಲ್ಲಿ ಹತ್ತಿರತ್ತಿರ ಅರ್ಧ ಖಾಲಿ! ಹೊಸದಾಗಿ ಸೇರಿದ್ದ ಹುಡುಗ ಕಾಲ್‌ನಲ್ಲಿದ್ದ. "ಸರ್, ಜಾಗ ಇದೆಯಲ್ಲ?" ಅಂದ.

ಜಾಗ ಇತ್ತು, ಐನೋಡ್ ಮುಗಿದಿತ್ತು. ಲಿನಕ್ಸ್‌ನಲ್ಲಿ ಪ್ರತಿ ಫೈಲಿಗೂ ಒಂದು ಐನೋಡ್ ಬೇಕು. ಫೈಲ್ ಯಾರದ್ದು, ಎಷ್ಟು ದೊಡ್ಡದು, ಡಿಸ್ಕಲ್ಲಿ ಎಲ್ಲಿದೆ ಅನ್ನೋ ವಿವರ ಅದರಲ್ಲಿರುತ್ತೆ. ನಾವು ಬಳಸ್ತಿದ್ದ ಇಎಕ್ಸ್‌ಟಿ4, ನಾವು ಬೇರೆ ಹೇಳದಿದ್ರೆ, ಫಾರ್ಮ್ಯಾಟ್ ಮಾಡುವಾಗಲೇ 16 ಕೆಬಿಗೆ ಒಂದರಂತೆ ಐನೋಡ್ ಎಣಿಸಿಟ್ಟುಬಿಡುತ್ತೆ. 100 ಜಿಬಿಗೆ ಸುಮಾರು 65 ಲಕ್ಷ. ಡಿಸ್ಕ್ ದೊಡ್ಡದು ಮಾಡದೆ ಅದು ಹೆಚ್ಚಲ್ಲ. ಬಸ್ಸಲ್ಲಿ ಸೀಟು ಖಾಲಿ ಇದೆ, ಆದರೆ ಕಂಡಕ್ಟರ್ ಹತ್ರ ಟಿಕೆಟ್ ಪುಸ್ತಕ ಮುಗಿದಿದೆ ಅಂದ್ಕೊಳ್ಳಿ. ನಮ್ಮ ಫೈಲುಗಳೋ ಬಿಲ್ಲಿನ ಚಿಕ್ಕ ಚಿಕ್ಕ ಚಿತ್ರಗಳು, ಒಂದೊಂದು ಏಳೆಂಟು ಕೆಬಿ. ಜಾಗಕ್ಕಿಂತ ಮೊದಲು ಟಿಕೆಟ್ಟೇ ಖಾಲಿ.

ಮೂಲ ಫೋಟೋ ಬೇರೆ ಕಡೆ ಭದ್ರವಾಗಿದ್ದವು. ಹಾಗಾಗಿ ಹಳೇ ಚಿಕ್ಕ ಚಿತ್ರ ಅಳಿಸೋಣ ಅಂತ ಹೊರಟ್ವಿ. ಅಷ್ಟೂ ಒಂದೇ ಫೋಲ್ಡರಿನಲ್ಲಿದ್ದವು. 'ಎಲ್ಎಸ್' ಅಂತ ಕೊಟ್ರೆ ಸ್ಕ್ರೀನ್ ಸುಮ್ಮನೆ ನಿಂತಿತು. ಅದು ಎಲ್ಲಾ ಹೆಸರನ್ನೂ ಓದಿ, ಅಕ್ಷರದ ಕ್ರಮಕ್ಕೆ ಜೋಡಿಸಿ, ಆಮೇಲೇ ಬಾಯಿ ಬಿಡೋದು. 'ಆರ್‌ಎಂ ಸ್ಟಾರ್' ಕೊಟ್ರೆ 'ಆರ್ಗ್ಯುಮೆಂಟ್ ಲಿಸ್ಟ್ ಟೂ ಲಾಂಗ್'. ಆ ಸ್ಟಾರ್ ಜಾಗದಲ್ಲಿ ಶೆಲ್ ಅಷ್ಟೂ ಹೆಸರು ತುಂಬಿ ಒಂದೇ ಆಜ್ಞೆ ಮಾಡುತ್ತೆ, ಅದಕ್ಕೆ ಮಿತಿ ಸಾಮಾನ್ಯವಾಗಿ 2 ಎಂಬಿ ಆಸುಪಾಸು. ಕೊನೆಗೆ 'ಫೈಂಡ್' ಕೈಲಿ ಹಳೇ ಫೈಲುಗಳನ್ನ ಸಿಕ್ಕ ಸಿಕ್ಕಂಗೆ ಅಳಿಸೋಕೆ ಬಿಟ್ವಿ. ಸ್ವಲ್ಪ ಹೊತ್ತಿಗೆ ಅಪ್‌ಲೋಡ್ ಶುರುವಾಯ್ತು. ಅಳಿಸೋದು ಮುಗಿಯುವಷ್ಟರಲ್ಲಿ ಹಾಲಿನವನು ಬಂದಿದ್ದ.

ನಡುವೆ ಮ್ಯಾನೇಜರ್ ಕಾಲ್‌ಗೆ ಬಂದು ಕೇಳಿದ್ರು: "ಇತ್ತೀಚೆಗೆ ಇದನ್ನ ಮುಟ್ಟಿದ್ದು ಯಾರು?" ಹುಡುಗ ಮೆಲ್ಲಗೆ "ನಾನು ಸರ್" ಅಂದ. ಮೂರು ವಾರದ ಹಿಂದೆ, ಬಿಲ್ಲಿಗೊಂದು ಇದ್ದ ಚಿತ್ರವನ್ನ ಪುಟಕ್ಕೊಂದು ಅಂತ ಬದಲಾಯಿಸಿದ್ದ. ಅದನ್ನು ನೋಡಿ ಓಕೆ ಮಾಡಿದ್ದು ನಾನೇ. ಎಲ್ಲಾನೂ ಒಂದೇ ಫೋಲ್ಡರಿಗೆ ಸುರಿಯೋ ಸಾಲು ಬರೆದಿದ್ದೂ ನಾನೇ, ಆರು ವರ್ಷದ ಹಿಂದೆ. ಅದರ ಮೇಲೆ ನನ್ನದೇ ಟಿಪ್ಪಣಿ: ಸದ್ಯಕ್ಕೆ ಹೀಗಿರಲಿ, ಆಮೇಲೆ ನೋಡೋಣ. ಕಾಲ್‌ನಲ್ಲಿ ನಾನು ಸುಮ್ಮನಿದ್ದೆ.

ಬೆಳಿಗ್ಗೆ ನಿದ್ದೆ ಬರದೆ ಊರಿಗೆ ಫೋನ್ ಮಾಡಿದೆ. ಅಪ್ಪಯ್ಯ ನಮ್ಮೂರಿನ ಬ್ರಾಂಚ್ ಪೋಸ್ಟ್ ಮಾಸ್ಟರ್ ಆಗಿದ್ದವರು. ನಮ್ಮನೆ ಜಗಲಿಯೇ ಪೋಸ್ಟಾಫೀಸು. ಗೋಡೆಗೆ ಹಲಗೆ ಹೊಡೆದು ಮಾಡಿದ ಖಾನೆಗಳಿದ್ದವು: ಮೇಲಿನಕೇರಿ, ಕೆಳಗಿನಕೇರಿ, ಹೊಳೆಯಾಚೆ. ಕಾಗದ ಬಂದ ಕೂಡಲೇ ಆಯಾ ಖಾನೆಗೆ. ನಾನು ಮಾಡಬೇಕಿದ್ದಿದ್ದೂ ಅಷ್ಟೇ. ಗಿಟ್ ಕೂಡ ಹಾಗೇ ಮಾಡುತ್ತೆ. ಹ್ಯಾಶ್‌ನ ಮೊದಲ ಎರಡು ಅಕ್ಷರ ನೋಡಿ 256 ಫೋಲ್ಡರಿಗೆ ಹಂಚುತ್ತೆ. 65 ಲಕ್ಷವನ್ನ ಹಾಗೆ ಎರಡು ಹಂತ ಹಂಚಿದ್ರೆ ಒಂದೊಂದರಲ್ಲಿ ಉಳಿಯೋದು ನೂರರ ಹತ್ತಿರ. ಅದರಿಂದ ಐನೋಡ್ ಏನೂ ಉಳಿಯಲ್ಲ, ಹಳೇದನ್ನ ಕಾಲಕಾಲಕ್ಕೆ ಅಳಿಸಲೇಬೇಕು. ಆದರೆ ಅಳಿಸೋಕೆ ಹೋದಾಗ ಕೈಗೆ ಸಿಗುತ್ತೆ.

"ಆ ಖಾನೆ ಯಾವಾಗ ಮಾಡಿದ್ದು ಅಪ್ಪಯ್ಯ?"

"ಎಂತ ಮಾರಾಯ, ಬೆಳಿಗ್ಗೆ ಬೆಳಿಗ್ಗೆ ಇದನ್ನ ಕೇಳ್ತೀಯ?" ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, "ಮೊದಲು ಎಲ್ಲಾ ಒಂದೇ ಚೀಲದಲ್ಲಿ ಇಡ್ತಿದ್ದೆ. ಹೊಳೆಯಾಚೆಯ ಹುಡುಗನ ಇಂಟರ್‌ವ್ಯೂ ಕಾಗದ ಅಡಿಯಲ್ಲಿ ಸಿಕ್ಕಿಹಾಕ್ಕೊಂಡು ತಾರೀಕು ದಾಟಿ ಹೋಯ್ತು. ಆಮೇಲೆ ಮಾಡಿದ್ದು."

"ಅವರಿಗೆ ಎಂತ ಹೇಳಿದ್ರಿ?"

"ಎಂತ ಹೇಳೋದು? ಮನೆಗೆ ಹೋಗಿ ನಂದೇ ತಪ್ಪು ಅಂತ ಹೇಳಿ ಬಂದೆ. ಅಂಚೆ ಪೇದೆ ಮೇಲೆ ಹಾಕಬಹುದಿತ್ತು. ಅವನು ಪಾಪ, ಕೊಟ್ಟಿದ್ದನ್ನ ಹೊರೋನು."

ಹತ್ತು ಗಂಟೆಗೆ ರಿಪೋರ್ಟ್ ಬರೆಯೋಕೆ ಕೂತೆ. ಕಾರಣ ಅನ್ನೋ ಕಡೆ ಮೊದಲು ಆರು ವರ್ಷದ ಹಿಂದಿನ ಆ ಸಾಲು, ಪಕ್ಕದಲ್ಲಿ ನನ್ನ ಹೆಸರು. ಆಮೇಲೆ ಪುಟಕ್ಕೊಂದು ಚಿತ್ರದ ಬದಲಾವಣೆ, ಅದಕ್ಕೆ ಒಪ್ಪಿಗೆ ಕೊಟ್ಟವನ ಹೆಸರು, ಅದೂ ನನ್ನದೇ. ಕಳಿಸಿ ಹುಡುಗನ ಹತ್ರ ಹೋದೆ. "ಬಾ, ಖಾನೆ ಮಾಡೋಣ" ಅಂದೆ. ಅವನಿಗೆ ಅರ್ಥ ಆಗಲಿಲ್ಲ. ಆದರೂ ಲ್ಯಾಪ್‌ಟಾಪ್ ತಗೊಂಡು ಎದ್ದು ಬಂದ.