ಕೀಲಿ ಹಾಕಿದ ಖೋಲಿ

ಧಾರವಾಡದ ಮಳೆ ಕಂಡವರಿಗೆ ಬಟ್ಟೆ ಒಣಗಿಸುವ ಪಾಡು ಹೇಳಬೇಕಾಗಿಲ್ಲ. ಆಷಾಢ ಹಿಡಿದರೆ ಜಿಟಿಜಿಟಿ ಬಿಡುವುದೇ ಇಲ್ಲ. 1990ರ ದಶಕದಲ್ಲಿ ನಾನಿದ್ದ ಹಾಸ್ಟೆಲಿನಲ್ಲಿ (ಹೆಸರು ಬೇಡ ಬಿಡಿ) ಇದಕ್ಕೆ ಹುಡುಗರು ಕಂಡುಕೊಂಡಿದ್ದ ಉಪಾಯ ಕಾಯಿಲ್. ಮಣ್ಣಿನ ಬಿಲ್ಲೆಯ ಮೇಲೆ ಸುರುಳಿ ತಂತಿ ಕೂಡಿಸಿದ ಹೀಟರು. ಅದಕ್ಕೆ ಪ್ಲಗ್ಗೂ ಇರುತ್ತಿರಲಿಲ್ಲ. ವಾಯರಿನ ಎರಡು ತುದಿ ಸುಲಿದು ಸಾಕೆಟ್ಟಿಗೆ ತುರುಕಿ, ಜಾರದಂತೆ ಬೆಂಕಿಕಡ್ಡಿ ಸಿಗಿಸುವುದು. ಚಹಾ ಕುದಿಸಲಿಕ್ಕೂ ಅದೇ, ತತ್ತಿ ಬೇಯಿಸಲಿಕ್ಕೂ ಅದೇ. ಮಳೆಗಾಲದಲ್ಲಿ ಮೇಲೆ ಹಗ್ಗ ಕಟ್ಟಿ ಹಸಿ ಪ್ಯಾಂಟು ಇಳಿಬಿಟ್ಟರೆ ಬೆಳಗಿನ ಕ್ಲಾಸಿಗೆ ತಯಾರು.

ಹೀಟರಿನಷ್ಟೇ ಗುಟ್ಟಾಗಿ ನಡೆಯುತ್ತಿದ್ದ ಇನ್ನೊಂದು ವ್ಯವಹಾರ ಗೆಸ್ಟ್‌ಗಳದು. ಎರಡು ಕಾಟಿನ ಖೋಲಿಯಲ್ಲಿ ಮೂವರು, ಕೆಲವೊಮ್ಮೆ ನಾಲ್ವರು. ಸೀಟು ಸಿಗದವರು, ಎಂ.ಎ. ಮುಗಿದರೂ ಊರಿಗೆ ಹೋಗಲು ಮನಸ್ಸಿಲ್ಲದವರು, ಕೆಎಎಸ್ಸಿಗೋ ಪಿಎಸ್‌ಐಗೋ ಓದುವವರು. ವಾರಾನ್ನ ಉಂಡು ಓದಿದವರ ಊರು ಅದು. ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಮೇಲೆ ಬಂದವರು ಎಷ್ಟು ಮಂದಿಯೋ. ಅಲ್ಲಿ ಗೆಳೆಯನಿಗೆ ಒಂದು ಚಾಪೆ ಹಾಸಲಾರೆ ಅನ್ನುವುದು ಮನುಷ್ಯತ್ವದ ಮಾತಾಗಿ ಯಾರಿಗೂ ಕೇಳುತ್ತಿರಲಿಲ್ಲ. ನೋಟಿಸ್ ಬೋರ್ಡಿನಲ್ಲಿ ಮಾತ್ರ ಬೇರೆ ಮಾತಿತ್ತು: ಅನಧಿಕೃತವಾಗಿ ಯಾರನ್ನಾದರೂ ಇಟ್ಟುಕೊಂಡರೆ ಸೀಟು ರದ್ದು.

ನಮ್ಮಲ್ಲಿ ಹೆಸರಿಗಿಂತ ಊರೇ ನಡೆಯುತ್ತಿತ್ತು. ಮೇಲಿನ ಮಾಳಿಗೆಯ ರೋಣದವನ ಖೋಲಿಯಲ್ಲಿ ಅವನ ಸೋದರತ್ತೆಯ ಮಗ ಇದ್ದ. ಎಲ್ಲರಿಗೂ ಅವನು ‘ಗೆಸ್ಟ್ ಅಣ್ಣ’. ಮಿತಭಾಷಿ, ಹಗಲೆಲ್ಲ ಲೈಬ್ರರಿ, ರಾತ್ರಿ ಖೋಲಿ. ವಾರ್ಡನ್ನರು ರೌಂಡಿಗೆ ಬರುವ ಹೊತ್ತಿಗೆ ಪಕ್ಕದ ಖೋಲಿಯ ಹಾನಗಲ್ಲಿನವನು ಹೊರಗಿನಿಂದ ಕೀಲಿ ಹಾಕಿ, ಅವರು ಹೋದ ಮೇಲೆ ತೆಗೆಯುವುದು ರೂಢಿ. ಕೀಲಿ ಕಂಡರೆ ಖೋಲಿ ಖಾಲಿ ಅಂತ ಲೆಕ್ಕ.

ಆ ವರ್ಷ ನಾಗರ ಪಂಚಮಿಗೆ ಅರ್ಧ ಹಾಸ್ಟೆಲು ಊರಿಗೆ ಹೋಗಿತ್ತು. ಪಂಚಮಿಯ ಉಂಡಿ, ಜೋಕಾಲಿ ಬಿಟ್ಟು ಇಲ್ಲಿ ಯಾರಿರುತ್ತಾರೆ? ರೋಣದವನೂ ಅವನ ಖೋಲಿಯ ಜೊತೆಗಾರನೂ ರಜೆ ಅರ್ಜಿ ಬರೆದಿಟ್ಟು ಹೋಗಿದ್ದರು. ಗೆಸ್ಟ್ ಅಣ್ಣ ಉಳಿದ. ಸಂಜೆ ಕರೆಂಟು ಹೋಗಿತ್ತು. ವಾರ್ಡನ್ನರು ಬಂದು ಹೋದರು. ಕೀಲಿ ಹಾಕಿದ ಹಾನಗಲ್ಲಿನವನು ಕತ್ತಲೆಯಲ್ಲಿ ಹಾಗೇ ನಿದ್ದೆ ಹೋದ. ಒಳಗೆ ಕಾಯಿಲ್ಲಿನ ವಾಯರು ಸಾಕೆಟ್ಟಿನಲ್ಲೇ ಇತ್ತು, ಮೇಲೆ ಹಸಿ ಬಟ್ಟೆ. ಸರಿರಾತ್ರಿ ಎಲ್ಲರೂ ಮಲಗಿರುವಾಗ ಕರೆಂಟು ಬಂತು.

ಹತ್ತಿಯ ಗಾದಿಗೆ ತಗುಲಿದ ಬೆಂಕಿ ಧಗಧಗ ಉರಿಯುವುದಿಲ್ಲ, ಒಳಗೊಳಗೇ ಬೇಯುತ್ತದೆ. ಉರಿ ಕಾಣುವ ಮೊದಲೇ ಹೊಗೆ ಕೊಲ್ಲುತ್ತದೆ. ನಾವು ಎದ್ದಾಗ ಮೇಲಿನ ವರಾಂಡದಲ್ಲಿ ಮುಖ ಮುಖ ಕಾಣದಷ್ಟು ಹೊಗೆ. ಬಿದ್ದು ಎದ್ದು ಕೆಳಗಿಳಿದು ಪೋರ್ಚಿನಲ್ಲಿ ನಿಂತೆವು. ಮೇನ್ ಸ್ವಿಚ್ ತೆಗೆಸಿದ ವಾರ್ಡನ್ನರು ಛತ್ರಿ ವಾಚ್‌ಮನ್ನನ ಕೈಗೆ ಕೊಟ್ಟು ಬ್ಯಾಟರಿ ಬೆಳಕಿನಲ್ಲಿ ಹಾಜರಿ ಕೂಗಿದರು. ಒಂದೊಂದೇ ‘ಹಾಜರ್ ಸರ’. ಊರಿಗೆ ಹೋದವರದು ರಜೆ ಪುಸ್ತಕದಲ್ಲಿ ತಾಳೆ ನೋಡಿದರು. ಲೆಕ್ಕ ಸರಿಹೋಯಿತು.

“ಎಲ್ಲಾರೂ ಹೊರಗ ಅದಾರ. ಆ ಖೋಲಿಗೆ ಕೀಲಿ ಐತಿ, ಯಾರೂ ಇಲ್ಲ. ಸಾಮಾನು ಹೋದ್ರ ಹೋಗ್ಲಿ, ಫೈರ್‌ನವರು ಬರೂತನಕ ಯಾರೂ ಮ್ಯಾಲ ಹೋಗಬ್ಯಾಡ್ರಿ.”

ಆಗ ಹಾನಗಲ್ಲಿನವನು ಮೆಟ್ಟಿಲ ಕಡೆ ನುಗ್ಗಿದ. ವಾಚ್‌ಮನ್ ತೋಳು ಹಿಡಿದ. “ಖಾಲಿ ಖೋಲಿಗೆ ಯಾಕ ಜೀವಾ ಕೊಡ್ತಿ ತಮ್ಮಾ?” ಅವನಿಗೆ ಉತ್ತರ ಬರಲೊಲ್ಲದು. ಅಂಗಿಯ ಜೇಬಿನಲ್ಲಿ ಕೀಲಿ ಹಿಡಿದ ಕೈ ನಡುಗುತ್ತಿತ್ತು. ಬಾಯಿ ಬಿಟ್ಟರೆ ಇಬ್ಬರ ಸೀಟು ಹೋಗುತ್ತದೆ. ನಿಯಮ ಎಷ್ಟು ಆಳಕ್ಕೆ ಇಳಿದಿತ್ತೆಂದರೆ ಒಳಗೆ ಜೀವವಿದೆ ಎಂದು ಗೊತ್ತಿದ್ದವನ ನಾಲಿಗೆಯೂ ಏಳಲಿಲ್ಲ.

ಮಾತಾಡಿದವನು ಇಂಡಿ ಊರಿನ ಹುಡುಗ, ಮೊದಲ ವರ್ಷದವ, ಬಂದು ತಿಂಗಳಾಗಿರಲಿಲ್ಲ. “ಸರ, ಒಳಗ ಗೆಸ್ಟ್ ಅಣ್ಣಾ ಅದಾನ್ರಿ. ಕೀಲಿ ಇವನ ಕಡೆ ಐತ್ರಿ.”

ವಾರ್ಡನ್ನರು ಯಾವ ಗೆಸ್ಟು, ಯಾರವನು ಅಂತ ಕೇಳಲಿಲ್ಲ. ಟವೆಲ್ಲನ್ನು ಮಳೆಗೆ ಹಿಡಿದು ಹಿಂಡಿ ಮೂಗಿಗೆ ಕಟ್ಟಿಕೊಂಡು ತಾವೇ ಮುಂದಾದರು, ಹಿಂದೆ ಕೀಲಿಯವನು. ಗೆಸ್ಟ್ ಅಣ್ಣ ಬಾಗಿಲ ಬುಡದಲ್ಲೇ ಬಿದ್ದಿದ್ದ. ಬಡಿದಿರಬೇಕು, ಗದ್ದಲದಲ್ಲಿ ಯಾರಿಗೂ ಕೇಳಿಸಿರಲಿಲ್ಲ. ಹಾಲಿನ ಟೆಂಪೋ ಅಡ್ಡಗಟ್ಟಿ ಆಸ್ಪತ್ರೆಗೆ ಒಯ್ದರು. ಬದುಕಿದ.

ನನಗೆ ಇವತ್ತಿಗೂ ತಲೆಯಲ್ಲಿ ಕೂತಿರುವುದು ಆಮೇಲಿನದು. ಇಂಡಿಯವನಿಗೆ ಶಹಬ್ಬಾಸ್ ಅಂದವರು ಕಡಿಮೆ. ಮೆಸ್ಸಿನಲ್ಲಿ ಅವನ ಎದುರಿನ ಬೆಂಚು ಖಾಲಿ ಉಳಿಯತೊಡಗಿತು. ‘ಚಾಡಿಕೋರ’ ಅಂತ ಬಚ್ಚಲ ಗೋಡೆಯ ಮೇಲೆ ಇದ್ದಿಲಲ್ಲಿ ಬರೆದರು. ಜೀವ ಉಳಿಸಿದ್ದು ಒಂದು ಲೆಕ್ಕ, ಸಾಹೇಬರ ಮುಂದೆ ಬಾಯಿ ಬಿಟ್ಟದ್ದು ಇನ್ನೊಂದು ಲೆಕ್ಕ! ಇತ್ತ ಆಡಳಿತದವರು ರೋಣ, ಹಾನಗಲ್ಲ ಇಬ್ಬರ ಸೀಟೂ ರದ್ದು ಮಾಡಲು ಹೊರಟರು. ವಾರ್ಡನ್ನರು ಒಪ್ಪಲಿಲ್ಲ. “ಇವತ್ತ ಇವರನ್ನ ಹೊರಗ ಹಾಕಿದ್ರ ಮುಂದಿನ ಸಲ ಆ ಇಂಡಿ ಹುಡುಗನೂ ಬಾಯಿ ತಗಿಯಂಗಿಲ್ರಿ. ಎಣಿಸೂದು ನನ್ನ ಕೆಲಸ. ನಾ ಎಣಿಸಿದ್ದು ಕೀಲಿ, ಮಂದೀನ್ನಲ್ಲ.” ಸಭೆಯ ಹೊರಗೆ ನಿಂತಿದ್ದ ನಮಗೂ ಕೇಳಿಸುವಂತೆ ಹೇಳಿದರು.

ಮರುದಿನ ಅವರೊಂದು ಉದ್ದನೆಯ ವಹಿ ತಂದು ಆಫೀಸಿನ ಕಿಟಕಿಯಲ್ಲಿಟ್ಟರು. ಗೆಸ್ಟ್ ಹೆಸರು, ಊರು, ಯಾರ ಖೋಲಿ, ಎಷ್ಟು ದಿನ. ಬರೆದವನಿಗೆ ದಂಡವಿಲ್ಲ, ಬರೆಯದೆ ಸಿಕ್ಕರೆ ಕ್ಷಮೆಯಿಲ್ಲ. ಮೊದಮೊದಲು ಹಾಳೆ ಖಾಲಿ. ಪಂಚಮಿ ಮುಗಿಸಿ ಬಂದ ರೋಣದವನು ಮೊದಲ ಹೆಸರು ಬರೆದ. ಆಮೇಲೆ ಸಾಲು ತುಂಬುತ್ತ ಹೋಯಿತು. ಸೀಟು ಸಿಗದ ಹುಡುಗರು, ಪರೀಕ್ಷೆಯವರು ಎಲ್ಲರೂ ಬಂದು ಬರೆದರು. ಬರೆಯದೆ ಒಂದು ರಾತ್ರಿ ಟ್ರಂಕು ಹೊತ್ತು ಹೋದವನು ಮೂಲೆ ಖೋಲಿಯ ಒಬ್ಬನೇ. ಹೊಸ ಹುಡುಗರ ಹತ್ತಿರ ಸಾಲ ಅಂತ ಇಸಿದುಕೊಂಡು ಕೊಡದೆ, ರಾತ್ರಿ ಕಾಲು ಒತ್ತಿಸಿಕೊಳ್ಳುತ್ತಿದ್ದವನು ಅವನೇ ಅಂತ ಆಮೇಲೆ ಒಬ್ಬೊಬ್ಬರಾಗಿ ಹೇಳಿದರು.

ಮೂಲೆ ಖೋಲಿಯವನು ಸಣ್ಣ ಆಸಾಮಿ. ಅಮೆರಿಕದ ಸಾರಾ ಲಾರೆನ್ಸ್ ಕಾಲೇಜಿನಲ್ಲಿ 2010ರಲ್ಲಿ ಲಾರೆನ್ಸ್ ರೇ ಎಂಬಾತ ಜೈಲಿನಿಂದ ಬಂದು ಮಗಳ ಹಾಸ್ಟೆಲಿನಲ್ಲೇ ಠಿಕಾಣಿ ಹೂಡಿದ. ಮಗಳ ಗೆಳತಿಯರಿಗೆ, ಗೆಳೆಯರಿಗೆ ಅಡುಗೆ ಮಾಡಿ ಹಾಕಿ, ಬುದ್ಧಿ ಹೇಳುತ್ತ ಹತ್ತಿರವಾದವನು ವರ್ಷಗಟ್ಟಲೆ ಅವರನ್ನು ಹಿಂಡಿದ. 2023ರಲ್ಲಿ ಅವನಿಗೆ 60 ವರ್ಷದ ಶಿಕ್ಷೆಯಾಯಿತು. ಅದೇ 2023ರ ಆಗಸ್ಟಿನಲ್ಲಿ ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಮೊದಲ ವರ್ಷದ ಹುಡುಗನೊಬ್ಬ ಮೇಲಿನಿಂದ ಬಿದ್ದು ಸತ್ತ. ರ‍್ಯಾಗಿಂಗ್ ಆರೋಪದ ಮೇಲೆ ಬಂಧಿತರಾದವರಲ್ಲಿ ಓದು ಮುಗಿಸಿಯೂ ಅಲ್ಲೇ ಉಳಿದಿದ್ದವನಿದ್ದ. ಸತ್ತ ಹುಡುಗನೂ ಖೋಲಿ ಸಿಗದೆ ಇನ್ನೊಬ್ಬರ ಗೆಸ್ಟಾಗಿದ್ದವನು.

ಇಂಥ ಸುದ್ದಿ ಬಂದಾಗಲೆಲ್ಲ ‘ಜೊತೆಯವರು ಯಾಕೆ ಹೇಳಲಿಲ್ಲ’ ಅಂತ ಕೇಳುತ್ತಾರೆ. ಹದಿನೆಂಟರ ಹುಡುಗರನ್ನು ಕೇಳುವ ಮೊದಲು ಸಂಬಳ ಪಡೆದು ಎಣಿಸಬೇಕಾದವರನ್ನು ಕೇಳಬೇಕು ಅನ್ನುವವನು ನಾನು. ಮಕ್ಕಳನ್ನು ಹಾಸ್ಟೆಲಿಗೆ ಬಿಡಲು ಹೋದವರು ಊಟ, ನೀರು, ಫೀ ವಿಚಾರಿಸಿದ ಮೇಲೆ ಗೆಸ್ಟ್ ವಹಿ ಇದೆಯೇ ಅಂತಲೂ ಕೇಳಿ. ಇದೆ ಅಂದರೆ ತೆಗೆಸಿ, ಕೊನೆಯ ಹೆಸರು ಯಾವ ತಾರೀಖಿನದು ನೋಡಿ.