ಬಿಳಿ ಗೆರೆ ಹಿಡಿದು ಹರಿಹರಕ್ಕೆ

ಅಕ್ಕ ಫೋನ್ ಮಾಡಿದ್ದು ಒಂದೇ ವಿಷಯಕ್ಕೆ. "ಪುಟ್ಟಿ ಸೈಕಲ್ ಬೇಕು ಅಂತ ಹಟ ಹಿಡಿದು ಕೂತಾಳೆ. ಅಪ್ಪಾಜಿ ಕೊಡಿಸ್ತೀನಿ ಅಂತಾರೆ. ನನಗೆ ಧೈರ್ಯ ಇಲ್ಲ. ನೀನೇ ಬಂದು ದಾರಿ ನೋಡಿ ಹೇಳು, ಇಂಜಿನಿಯರ್ ಅಲ್ವಾ?"

ನಾನು ಸಾಫ್ಟ್‌ವೇರ್ ಇಂಜಿನಿಯರ್ ಅಕ್ಕಾ, ರೋಡ್ ಇಂಜಿನಿಯರ್ ಅಲ್ಲ ಅಂದೆ. "ಎಲ್ಲಾ ಒಂದೇ, ಬಾ" ಅಂದಳು.

ಪುಟ್ಟಿ ಅಂದ್ರೆ ಅಕ್ಕನ ಮಗಳು, ಈಗ ಎಂಟನೇ ಕ್ಲಾಸು. ಅವರ ಮನೆ ಹರಿಹರದಲ್ಲಿ, ನಮ್ಮ ಅಪ್ಪಾಜಿ, ಅಮ್ಮ ಇರುವ ಮನೆಯಿಂದ ಎರಡು ಓಣಿ ಆಚೆ. ಸ್ಕೂಲಿಗೆ ಎರಡೂವರೆ ಕಿಲೋಮೀಟರ್. ನಾನು ಇರೋದು ದಾವಣಗೆರೆಯ ವಿದ್ಯಾನಗರದಲ್ಲಿ, ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ. ಎರಡು ಊರಿನ ಮಧ್ಯೆ ಸುಮಾರು 14 ಕಿಲೋಮೀಟರ್. ಬೈಕಲ್ಲಿ ಹೋಗಿ ಸೈಕಲ್ ದಾರಿ ಹೇಗಿದೆ ಅಂತ ಹೇಳೋದು ನ್ಯಾಯ ಅಲ್ಲ ಅನ್ನಿಸಿತು. ನವೆಂಬರಿನ ಒಂದು ಭಾನುವಾರ, ಬೆಳಗ್ಗೆ ಆರೂವರೆಗೆ ಸೈಕಲ್ ಹತ್ತಿದೆ.

ಆ ಹೊತ್ತಿಗೆ ದಾವಣಗೆರೆ ಸೈಕಲ್ಲಿನವರ ಊರು. ಹಾಲಿನವರು, ಪೇಪರ್ ಹುಡುಗರು, ಕ್ಯಾರಿಯರಿಗೆ ಬುಟ್ಟಿ ಕಟ್ಟಿಕೊಂಡ ಹೂವಿನವರು, ಟಿಫಿನ್ ಕ್ಯಾರಿಯರ್ ನೇತುಹಾಕಿಕೊಂಡು ಕೆಲಸಕ್ಕೆ ಹೊರಟವರು. ನಮ್ಮ ಆಫೀಸಿನ ಗ್ರೂಪಿನಲ್ಲಿ ಸೈಕ್ಲಿಂಗ್ ಅಂದ್ರೆ ಹೆಲ್ಮೆಟ್ಟು, ಬಿಗಿ ಚಡ್ಡಿ, ನಲವತ್ತು ಸಾವಿರದ ಸೈಕಲ್ಲು. ಆದರೆ 2011ರ ಜನಗಣತಿ ಪ್ರಕಾರ, ಹೊಲದ ಕೆಲಸ ಮತ್ತು ಮನೆಗೆಲಸದ ಉದ್ದಿಮೆ ಬಿಟ್ಟು ಉಳಿದ ದುಡಿಯುವ ಜನರಲ್ಲಿ ನೂರಕ್ಕೆ 13 ಮಂದಿ ಕೆಲಸಕ್ಕೆ ಹೋಗ್ತಿದ್ದದ್ದೇ ಸೈಕಲ್ ಮೇಲೆ. ಅವರು ಯಾರೂ ಸ್ಟ್ರಾವಾದಲ್ಲಿ ಇರಲಿಲ್ಲ ಅಷ್ಟೆ.

ಓಣಿಗಳಲ್ಲಿ ನನಗೆ ಯಾವ ಲೇನೂ ಬೇಕು ಅನ್ನಿಸಲಿಲ್ಲ. ಒಂದು ಕಡೆ ಹಸು, ಒಂದು ಕಡೆ ತರಕಾರಿ ಗಾಡಿ, ಮಧ್ಯೆ ರಂಗೋಲಿ. ಕಾರಿನವನೂ ಇಪ್ಪತ್ತರ ಮೇಲೆ ಹೋಗಲಾರ. ಸೈಕಲ್ ವಿಷಯದಲ್ಲಿ ಪಳಗಿದ ನೆದರ್‌ಲ್ಯಾಂಡ್ಸ್‌ನವರ ಲೆಕ್ಕವೂ ಹೆಚ್ಚುಕಡಿಮೆ ಇದೇ: ಗಾಡಿಗಳು ಗಂಟೆಗೆ 30 ಕಿ.ಮೀ. ಒಳಗೆ ಓಡುವ ಬೀದಿಯಲ್ಲಿ ಸೈಕಲ್ ಅವುಗಳ ಜೊತೆಗೇ ಹೋಗಬಹುದು. ವೇಗ ಅದಕ್ಕಿಂತ ಜಾಸ್ತಿ ಇದ್ದರೆ ಬೇರೆ ದಾರಿ ಬೇಕು. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಗಳ ಮೊದಲ 20 ಊರುಗಳ ಪಟ್ಟಿಯಲ್ಲಿ ದಾವಣಗೆರೆ ಹೆಸರು ಬಂದಾಗ ನಾವೆಲ್ಲ ಕುಣಿದಿದ್ವಿ. ಕಾಂಕ್ರೀಟ್ ರಸ್ತೆ ಬಂದ ಮೇಲೆ ಗುಂಡಿ ಕಡಿಮೆಯಾಗಿದೆ, ಒಪ್ಪಬೇಕು. ಗುಂಡಿ ಹೋದ ಕಡೆ ಸ್ಪೀಡೂ ಬಂದಿದೆ, ಅದನ್ನೂ ಒಪ್ಪಬೇಕು.

ಪಿ.ಬಿ. ರೋಡಿಗೆ ಬಂದ ಮೇಲೆ ಕಥೆ ಬೇರೆ. ಪೂನಾ-ಬೆಂಗಳೂರು ರಸ್ತೆ ಅನ್ನೋ ಹಳೇ ಹೆಸರು ಅದಕ್ಕೆ ಇನ್ನೂ ಅಂಟಿಕೊಂಡಿದೆ. ದೊಡ್ಡ ಲಾರಿಗಳೆಲ್ಲ ಬೈಪಾಸಿನ 48ನೇ ಹೆದ್ದಾರಿಗೆ ಹೋದವು. ಬಸ್ಸು, ಟಂಟಂ, ಟ್ರ್ಯಾಕ್ಟರು, ಬೈಕು ಇಲ್ಲೇ ಉಳಿದವು. ಊರು ದಾಟಿದ ಮೇಲೆ ನನಗೆ ಸಿಕ್ಕಿದ್ದು ರಸ್ತೆ ಅಂಚಿನ ಒಂದು ಬಿಳಿ ಗೆರೆ, ಅದರ ಎಡಕ್ಕೆ ಎರಡು ಮೂರು ಅಡಿ ಜಾಗ. ಹದಿನಾಲ್ಕು ಕಿಲೋಮೀಟರಿಗೆ ಅದೇ ನನ್ನ ಸೈಕಲ್ ಲೇನು.

ಆ ಗೆರೆ ಮನಸ್ಸಿಗೆ ಒಂಥರಾ ಸಮಾಧಾನ ಕೊಡುತ್ತೆ. ಇಲ್ಲಿಂದ ಈಚೆ ನನ್ನದು ಅನ್ನೋ ಭಾವನೆ. ತೊಂದರೆ ಏನಂದ್ರೆ ಹಿಂದಿನಿಂದ ಬರುವವನಿಗೂ ಅದೇ ಸಮಾಧಾನ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 60 ಜನರ ಸೈಕಲ್ಲಿಗೆ ಸೆನ್ಸರ್ ಕಟ್ಟಿ, ಪಕ್ಕದಲ್ಲಿ ದಾಟಿಹೋದ 18,527 ಗಾಡಿಗಳ ಅಂತರ ಅಳೆದರು. ಏನೂ ಗುರುತಿಲ್ಲದ ರಸ್ತೆಗಿಂತ, ಬರೀ ಬಣ್ಣದ ಸೈಕಲ್ ಲೇನ್ ಇರುವ ಕಡೆ ಗಾಡಿಗಳು ಸರಾಸರಿ 27 ಸೆಂಟಿಮೀಟರ್ ಹೆಚ್ಚು ಹತ್ತಿರದಿಂದ ಹೋಗಿದ್ದವು. ಲೇನಿನ ಪಕ್ಕ ಕಾರುಗಳೂ ನಿಂತಿದ್ದರೆ 40 ಸೆಂಟಿಮೀಟರ್. ನಾನು ನನ್ನ ಗೆರೆ ಒಳಗಿದ್ದೇನೆ, ಅವನು ಅವನ ಗೆರೆ ಒಳಗಿದ್ದಾನೆ, ಮತ್ಯಾಕೆ ಸರಿಯಬೇಕು ಅನ್ನೋ ಲೆಕ್ಕ. ಬಾತಿ ಹತ್ತಿರ ಒಂದು ಬಸ್ಸು ಇದೇ ಲೆಕ್ಕದಲ್ಲಿ ನನ್ನನ್ನು ದಾಟಿತು. ಅದರ ಗಾಳಿಗೆ ಹ್ಯಾಂಡಲ್ ಅಲುಗಿ, ಎರಡು ನಿಮಿಷ ಸೈಕಲ್ ಇಳಿದು ಬಾತಿ ಗುಡ್ಡ ನೋಡುತ್ತಾ ನಿಂತೆ. ಗುಡ್ಡ ಚೆನ್ನಾಗಿತ್ತು. ನನ್ನ ಕೈ ನಡುಗುತ್ತಿತ್ತು.

ಹಾಗಾದ್ರೆ ಮಧ್ಯೆ ಕಂಬ ನೆಟ್ಟು ಬೇರೆ ಮಾಡಿಬಿಟ್ರೆ ಆಯ್ತಲ್ಲ ಅಂತೀರಿ. ನಾನೂ ಹಾಗೇ ಅಂದುಕೊಂಡಿದ್ದೆ, ಬೆಂಗಳೂರಿನಲ್ಲಿದ್ದಾಗ. 2012ರ ಸುಮಾರಿಗೆ ಜಯನಗರದಲ್ಲಿ ಮಾಡಿದ ಸೈಕಲ್ ಲೇನುಗಳು ಆಮೇಲೆ ಕಾರ್ ಪಾರ್ಕಿಂಗ್ ಆಗಿದ್ದನ್ನು ಎಲ್ಲರೂ ನೋಡಿದ್ದೇವೆ. 2020ರಲ್ಲಿ, ಕೋವಿಡ್ ಹೊತ್ತಿನಲ್ಲಿ, ಔಟರ್ ರಿಂಗ್ ರೋಡಿನ ಸಿಲ್ಕ್ ಬೋರ್ಡ್–ಕೆ.ಆರ್. ಪುರ ಭಾಗದಲ್ಲಿ ನಗರ ಭೂಸಾರಿಗೆ ನಿರ್ದೇಶನಾಲಯದ ಯೋಜನೆಯಲ್ಲಿ ಕಂಬ ನೆಟ್ಟ ಪಾಪ್-ಅಪ್ ಲೇನ್ ಬಂತು. ನಾನು ಅದರಲ್ಲಿ ಓಡಾಡಿದವನು. ಮೊದಲ ದಿನಗಳ ಆ ಖುಷಿ ಈಗಲೂ ನೆನಪಿದೆ. ಜೀವನದಲ್ಲಿ ಮೊದಲ ಸಲ ಹಿಂದೆ ತಿರುಗಿ ನೋಡದೆ ಪೆಡಲ್ ತುಳಿದೆ. ಆಮೇಲೆ ಕಂಬಗಳ ಸಂದಿಯಲ್ಲಿ ಬೈಕ್‌ಗಳು ನುಗ್ಗಿದವು. ನಮ್ಮ ದೇಶದಲ್ಲಿ ಸೈಕಲ್ ಹೋಗುವಷ್ಟು ಜಾಗ ಬಿಟ್ರೆ ಬೈಕೂ ಹೋಗುತ್ತೆ. ಎದುರಿನಿಂದಲೂ ಬರುತ್ತೆ. ಕಂಬಗಳು ಒಂದೊಂದಾಗಿ ಮುರಿದವು, ಮೆಟ್ರೋ ಕೆಲಸ ಶುರುವಾಯ್ತು, ಲೇನೂ ಹೋಯ್ತು.

ಹಾಗಂತ ಬೇರ್ಪಟ್ಟ ಲೇನೇ ಕೆಲಸಕ್ಕೆ ಬಾರದ್ದು ಅಂತಲ್ಲ. ಕೆನಡಾದ ಟೊರಾಂಟೊ, ವ್ಯಾಂಕೂವರ್‌ಗಳಲ್ಲಿ ಸೈಕಲ್ಲಿಂದ ಬಿದ್ದು ಗಾಯವಾಗಿ ಆಸ್ಪತ್ರೆಗೆ ಬಂದ 690 ಜನರನ್ನು ವಿಚಾರಿಸಿ, ಎಲ್ಲಿ ಬಿದ್ದರು, ಅದೇ ದಾರಿಯಲ್ಲಿ ಎಲ್ಲಿ ಬೀಳಲಿಲ್ಲ ಅಂತ ಹೋಲಿಸಿ ನೋಡಿದ ಅಧ್ಯಯನ 2012ರಲ್ಲಿ ಬಂತು. ಕಾರು ನಿಲ್ಲಿಸಿದ ದೊಡ್ಡ ರಸ್ತೆಗೆ ಹೋಲಿಸಿದರೆ ಪೂರ್ತಿ ಬೇರ್ಪಟ್ಟ ಸೈಕಲ್ ದಾರಿಯಲ್ಲಿ ಅಪಾಯ ಸುಮಾರು ಒಂಬತ್ತನೇ ಒಂದು ಭಾಗ. ಆದರೆ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಲೆಕ್ಕ ಹಾಕಿದಾಗ ಇನ್ನೊಂದು ಮುಖ ಕಂಡಿತು. ಇಂಥ ದಾರಿ ಮಾಡಿದ ಮೇಲೆ ಎರಡು ಜಂಕ್ಷನ್‌ಗಳ ನಡುವಿನ ಅಪಘಾತ ಕಡಿಮೆಯಾಗಿದ್ದವು, ಜಂಕ್ಷನ್ನಿನಲ್ಲೇ ಜಾಸ್ತಿಯಾಗಿದ್ದವು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಬಗ್ ಫಿಕ್ಸ್ ಆಗಿಲ್ಲ, ಬೇರೆ ಮಾಡ್ಯೂಲಿಗೆ ಶಿಫ್ಟ್ ಆಗಿದೆ.

ಬಾತಿ ದಾಟಿದ ಮೇಲೆ ನನ್ನ ಲೇನೇ ಮಾಯ. ಗೆರೆ ಮೇಲೆ, ಗೆರೆ ಆಚೆ, ಉದ್ದಕ್ಕೂ ಮೆಕ್ಕೆಜೋಳ ಒಣಗಿಸಿದ್ದರು. ಅಂಚಿಗೆ ಕಲ್ಲು ಇಟ್ಟಿದ್ದರು. ಆ ಕಲ್ಲಿಗೆ ಬಸ್ಸಿನವರು ಕೂಡ ಮರ್ಯಾದೆ ಕೊಟ್ಟು ಸರಿದು ಹೋಗುತ್ತಿದ್ದರು! ಕಾಳು ತಿರುವಿ ಹಾಕುತ್ತಿದ್ದ ಅಜ್ಜ ನನ್ನನ್ನು ನೋಡಿ, "ಈ ಕಡೆಯಿಂದ ಬಾರಪ್ಪ, ಕಾಳಿನ ಮ್ಯಾಲೆ ಹತ್ತಬ್ಯಾಡ, ಜಾರತೈತಿ" ಅಂದರು. ಇಲ್ಲಿ ನಾಳೆ ಬೇರ್ಪಟ್ಟ ಸೈಕಲ್ ದಾರಿ ಮಾಡಿದರೆ ಅದು ನವೆಂಬರಿನಲ್ಲಿ ಮೆಕ್ಕೆಜೋಳದ ಕಣ, ಆಮೇಲೆ ಭತ್ತದ ಕಣ ಆಗುತ್ತೆ. ಅಜ್ಜನದು ತಪ್ಪು ಅನ್ನಲಾರೆ. ಒಣಗಿಸೋಕೆ ಜಾಗ ಇಲ್ಲದವರು ಅವರೂ, ಓಡಾಡೋಕೆ ಜಾಗ ಇಲ್ಲದವನು ನಾನೂ.

ಹರಿಹರ ಮುಟ್ಟಿದಾಗ ಅಪ್ಪಾಜಿ ಗೇಟಿನಲ್ಲೇ ನಿಂತಿದ್ದರು. ಟೈರ್ ಒತ್ತಿ ನೋಡಿದರು, "ಹಿಂದಿನ ಚಕ್ರಕ್ಕೆ ಗಾಳಿ ಕಮ್ಮಿ ಐತಿ" ಅಂದರು. ಹೇಗಿದ್ದೀಯ ಅಂತ ಕೇಳಿದ್ದು ಆಮೇಲೆ.

ಅಪ್ಪಾಜಿ ಕಿರ್ಲೋಸ್ಕರ್ ಫ್ಯಾಕ್ಟರಿಯಲ್ಲಿ ಲೇತ್ ಮೇಲೆ ದುಡಿದವರು. 1941ರಲ್ಲಿ ಶುರುವಾದ ಆ ಫ್ಯಾಕ್ಟರಿಯ ಲೇತ್‌ಗಳಿಗೆ ದೇಶದ ತುಂಬ ಹೆಸರಿತ್ತು. "ಸೈರನ್ ಆದರೆ ರೋಡ್ ತುಂಬ ಸೈಕಲ್ಲು ನೋಡಪ. ಲಾರಿಯವನೇ ನಿಂತು ನಮಗೆ ದಾರಿ ಬಿಡ್ತಿದ್ದ" ಅಂತ ಅವರು ನೂರು ಸಲ ಹೇಳಿದ್ದಾರೆ. ಮುದುಕರ ಬಡಾಯಿ ಅಂದುಕೊಂಡಿದ್ದೆ. 2003ರಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ಅಧ್ಯಯನ ಹೇಳೋದೂ ಅದನ್ನೇ: ನಡೆಯುವವರು, ಸೈಕಲ್ಲಿನವರು ಹೆಚ್ಚಿದ ಕಡೆ ಒಬ್ಬೊಬ್ಬರಿಗಿರುವ ಅಪಾಯ ಕಡಿಮೆ. ಅಪ್ಪಾಜಿಗೆ ಯಾರೂ ಲೇನ್ ಮಾಡಿಕೊಟ್ಟಿರಲಿಲ್ಲ. ಆ ಸಾವಿರ ಸೈಕಲ್ಲುಗಳೇ ಲೇನು. ಈಗ ಆ ಸೈರನ್ ಇಲ್ಲ, ಆ ಗುಂಪೂ ಇಲ್ಲ. ಪುಟ್ಟಿ ಒಬ್ಬಳೇ ಹೋಗಬೇಕು.

ಸಂಜೆ ಎಲ್ಲರೂ ಹರಿಹರೇಶ್ವರನ ಗುಡಿಗೆ ಹೋದೆವು. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಗುಡಿ. ಒಂದೇ ವಿಗ್ರಹದಲ್ಲಿ ಬಲಕ್ಕೆ ಹರ, ಎಡಕ್ಕೆ ಹರಿ. "ನೋಡಿ ಅಪ್ಪಾಜಿ, ಇಬ್ಬರೂ ಒಂದೇ ಜಾಗದಲ್ಲಿ ಹೊಂದಿಕೊಂಡಿದ್ದಾರೆ, ರೋಡಲ್ಲೂ ಹಿಂಗೇ ಇದ್ದಿದ್ರೆ" ಅಂದೆ. "ಅವರು ದೇವರಪ್ಪ. ಬಸ್ ಓಡಿಸಲ್ಲ" ಅಂದರು.

ಸೋಮವಾರ ರಜೆ ಹಾಕಿದೆ. ಪಕ್ಕದ ಮನೆ ಹುಡುಗಿಯ ಸೈಕಲ್ ಇಸಕೊಂಡು ಪುಟ್ಟಿ ಮುಂದೆ, ನಾನು ಹಿಂದೆ. ಒಳಗಿನ ಓಣಿಗಳಲ್ಲಿ ಅವಳು ಸಲೀಸಾಗಿ ಹೋದಳು, ಅಜ್ಜಿಯರಿಗೆಲ್ಲ ಬೆಲ್ ಹೊಡೆದು ಮಾತಾಡಿಸುತ್ತಾ. ಆಮೇಲೆ ಮೇನ್ ರೋಡು, ಸುಮಾರು ಎಂಟುನೂರು ಮೀಟರ್. ಹುಡುಗಿ ಬಿಳಿ ಗೆರೆಯ ಎಡಕ್ಕೆ ನಾನು ಹೇಳಿಕೊಟ್ಟ ಹಾಗೇ ನೆಟ್ಟಗೆ ಹೋಗುತ್ತಿದ್ದಳು. ಒಂದು ಗೂಡ್ಸ್ ಆಟೋ ಪಕ್ಕದಲ್ಲೇ ಹಾದುಹೋಯಿತು, ಜಡೆ ಅಲುಗಿತು, ಅವಳು ಅಲುಗಲಿಲ್ಲ. ಆದರೆ ಮುಂದೆ ಒಂದು ಪೆಟ್ರೋಲ್ ಬಂಕು. ಅವಳನ್ನು ದಾಟಿದ ಬೈಕಿನವನು ಹಾಗೇ ಎಡಕ್ಕೆ ತಿರುಗಿ ಬಂಕಿನೊಳಗೆ ನುಗ್ಗಿದ. ಪುಟ್ಟಿ ಬ್ರೇಕ್ ಹಿಡಿದಳು. ಅವಳ ಮುಂದಿನ ಚಕ್ರಕ್ಕೂ ಅವನ ಸೈಲೆನ್ಸರಿಗೂ ಒಂದು ಗೇಣು.

ಅವನು ತಿರುಗಿಯೂ ನೋಡಲಿಲ್ಲ. ನಾನು ಕೂಗಿದ್ದು ನನಗೇ ಕೇಳಿಸಲಿಲ್ಲ. ಪುಟ್ಟಿ ಮಾತ್ರ, "ಮಾಮಾ, ಇಂಡಿಕೇಟರ್ ಹಾಕ್ಲೇ ಇಲ್ಲ ಅವನು" ಅಂದಳು, ಏನೋ ಹೋಂವರ್ಕ್ ತಪ್ಪು ಹಿಡಿದವಳ ಹಾಗೆ.

ಕೋಪನ್‌ಹೇಗನ್ ಲೆಕ್ಕ ನನಗೆ ಪೂರ್ತಿ ಅರ್ಥವಾಗಿದ್ದು ಆ ಬಂಕಿನ ಮುಂದೆ. ನಡುವೆ ಕಂಬ ನೆಟ್ಟಿದ್ದರೆ ಗೂಡ್ಸ್ ಆಟೋದಿಂದ ಬಚಾವು. ಬಂಕಿನ ಬಾಯಲ್ಲಿ, ಸರ್ಕಲ್ಲಿನಲ್ಲಿ, ಕಲ್ಯಾಣ ಮಂಟಪದ ಗೇಟಿನಲ್ಲಿ ಕಂಬ ನೆಡೋಕೆ ಆಗಲ್ಲ. ಅಲ್ಲಿ ಬೇಕಾಗಿರೋದು ತಿರುಗುವ ಗಾಡಿ ನಿಧಾನವಾಗುವ ಹಾಗೆ ಮೂಲೆಯನ್ನು ಕಿರಿದು ಮಾಡೋದು, ಸೈಕಲ್ ದಾರಿಯನ್ನು ಅದೇ ಎತ್ತರದಲ್ಲಿ ಮುಂದುವರಿಸಿ ಗಾಡಿಯೇ ಉಬ್ಬು ಹತ್ತಿ ಇಳಿಯೋ ಹಾಗೆ ಮಾಡೋದು, ತಿರುಗುವ ಮುಂಚೆ ಇಬ್ಬರೂ ಒಬ್ಬರಿಗೊಬ್ಬರು ಕಾಣೋ ಹಾಗೆ ಪಾರ್ಕಿಂಗ್ ತೆಗೆಯೋದು. ಖರ್ಚು ಕಂಬಕ್ಕಿಂತ ಜಾಸ್ತಿ, ಫೋಟೋದಲ್ಲಿ ಕಾಣೋದು ಕಮ್ಮಿ.

ವಾಪಸ್ ಬರುವಾಗ ಪುಟ್ಟಿಯೇ ಇನ್ನೊಂದು ದಾರಿ ತೋರಿಸಿದಳು. ನಾಲೆ ಪಕ್ಕದ ಮಣ್ಣಿನ ದಾರಿ. ಒಂದು ಕಡೆ ನೀರು, ಒಂದು ಕಡೆ ಗದ್ದೆ, ಬೆಳ್ಳಕ್ಕಿಗಳು. ಬಸ್ಸಿಲ್ಲ, ಬಂಕಿಲ್ಲ. ಇದಕ್ಕಿಂತ ಬೇರ್ಪಟ್ಟ ಸೈಕಲ್ ದಾರಿ ಎಲ್ಲಿದೆ? ನಾನು ಮನೆಗೆ ಬಂದು ಅಕ್ಕನಿಗೆ ಗೂಗಲ್ ಮ್ಯಾಪಿನಲ್ಲಿ ಹೆಮ್ಮೆಯಿಂದ ತೋರಿಸಿದೆ.

ಅಕ್ಕ ಮ್ಯಾಪ್ ನೋಡಲಿಲ್ಲ, ನನ್ನ ಮುಖ ನೋಡಿದಳು. "ಟ್ಯೂಷನ್ ಮುಗಿಸಿ ಅವಳು ಬರೋದು ಆರು ಗಂಟೆಗೆ. ಆ ಹೊತ್ತಲ್ಲಿ ನಾಲೆ ಮೇಲೆ ಯಾರಿರ್ತಾರೆ ಹೇಳು? ಒಂದು ಅಂಗಡಿ ಇಲ್ಲ, ಲೈಟಿಲ್ಲ. ಅಲ್ಲಿ ಬಸ್ ಗುದ್ದಲ್ಲ, ನಿಜ."

ನಾನು ಸುಮ್ಮನಾದೆ. ಅಧ್ಯಯನಗಳನ್ನೆಲ್ಲ ಓದಿಕೊಂಡು ಬಂದವನಿಗೆ ಈ ಕಾಲಂ ಒಂದು ಹೊಳೆದೇ ಇರಲಿಲ್ಲ. ಅಕ್ಕ ಹತ್ತನೇ ಕ್ಲಾಸಿನ ತನಕ ನಡೆದುಕೊಂಡೇ ಹೋದವಳು. ಎಂಟನೇ ಕ್ಲಾಸಿನ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡೋಕೆ ಶುರು ಮಾಡಿದ್ದು 2006-07ರಲ್ಲಿ. ಅಷ್ಟರಲ್ಲಿ ಅವಳ ಎಂಟನೇ ಕ್ಲಾಸು ಮುಗಿದಿತ್ತು. ನನಗೆ ಸಿಕ್ಕಿತು. ಯಾವ ದಾರಿಯಲ್ಲಿ ಹೋಗ್ತೀಯ ಅಂತ ನನ್ನನ್ನು ಯಾರೂ ಒಂದು ದಿನಕ್ಕೂ ಕೇಳಲಿಲ್ಲ.

ರಾತ್ರಿ ಮಂಡಕ್ಕಿ ಮಿರ್ಚಿ ಮುಂದಿಟ್ಟುಕೊಂಡು ಮೀಟಿಂಗ್ ಆಯ್ತು. ಎಂಟುನೂರು ಮೀಟರ್ ಮೇನ್ ರೋಡನ್ನು ಪೂರ್ತಿ ತಪ್ಪಿಸೋಕೆ ಆಗಲ್ಲ. ಆದರೆ ಮಾರ್ಕೆಟ್ ಹಿಂದಿನ ಓಣಿ ಹಿಡಿದರೆ ಅದು ಇನ್ನೂರಕ್ಕೆ ಇಳಿಯುತ್ತೆ, ಬಂಕೂ ತಪ್ಪುತ್ತೆ, ದಾರಿ ಆರು ನಿಮಿಷ ಹೆಚ್ಚಾಗುತ್ತೆ. ಅಂಗಡಿ ಇವೆ, ಜನ ಇರ್ತಾರೆ. ಸರ್ಕಲ್ಲಿನಲ್ಲಿ ಇಳಿದು ತಳ್ಳಿಕೊಂಡು ದಾಟಬೇಕು. ಪುಟ್ಟಿ ಇದಕ್ಕೆ ಮಾತ್ರ ತಕರಾರು ತೆಗೆದಳು, ಫ್ರೆಂಡ್ಸ್ ನಗ್ತಾರಂತೆ. "ನಾನೂ ತಳ್ಳಿಕೊಂಡು ದಾಟ್ತೀನಿ, ನನ್ನ ನೋಡಿ ನಗಲಿ" ಅಂದರು ಅಪ್ಪಾಜಿ. ಅವರ ಹಳೇ ಸೈಕಲ್ಲಿಗೆ ಚೈನ್ ಹಾಕಿಸಿದರೆ ಓಡುತ್ತಂತೆ.

ಮೂರು ವಾರ ಆಯ್ತು. ಬೆಳಗ್ಗೆ ಎಂಟೂಮುಕ್ಕಾಲಿಗೆ ನಮ್ಮ ಸ್ಟ್ಯಾಂಡಪ್ ಕಾಲ್ ಶುರುವಾಗುವ ಹೊತ್ತಿಗೆ ಫ್ಯಾಮಿಲಿ ಗ್ರೂಪಿನಲ್ಲಿ ಅಪ್ಪಾಜಿಯ ಮೆಸೇಜ್ ಬರುತ್ತೆ. "ಮುಟ್ಟಿದ್ವಿ" ಅಂತ ಒಂದೇ ಪದ. ಅದು ಬರೋ ತನಕ ನಾನು ಮ್ಯೂಟಿನಲ್ಲೇ ಇರ್ತೀನಿ. ನಿನ್ನೆ ಮೂರನೇ ಸೈಕಲ್ಲೊಂದು ಸೇರಿದೆಯಂತೆ, ಪಕ್ಕದ ಮನೆ ಹುಡುಗಿಯದು.