ಮೆಸ್-ಕೊನೆಯದು-2

ಹೋದ ವರ್ಷ ನಮ್ಮ ಹಾಸ್ಟೆಲಿನ ನೋಟಿಸ್ ಬೋರ್ಡಿನಲ್ಲಿ ಒಂದು ತಿಂಗಳ ಮೆಸ್ ಬಿಲ್ ತಪ್ಪಾಗಿ ಬಂದಿತ್ತು. ಹಾಸ್ಟೆಲಿನಲ್ಲಿ ಇದ್ದವರಿಗೆ ನೆನಪಿರಬಹುದು. ಅಕ್ಕನ ನಿಕಾಹ್‌ಗೆಂದು ಎಂಟು ದಿನ ಊರಿಗೆ ಹೋಗಿದ್ದವನಿಗೂ 30 ದಿನ ಇಲ್ಲೇ ಉಂಡವನಿಗೂ ಒಂದೇ ಮೊತ್ತ. ಆ ದಿನ ಎಲ್ಲರೂ ಬೈದದ್ದು ನನ್ನ ಗೆಳೆಯನನ್ನು. ತಪ್ಪು ಮಾಡಿದವನು ನಾನು. ಅದು ಹೇಗಾಯಿತು, ಆಮೇಲೆ ನಾವಿಬ್ಬರೂ ಏನು ಕಲಿತೆವು ಎಂದು ಹೇಳುವುದಕ್ಕೇ ಈ ಬರಹ.

ಮೊದಲು ವಾರ್ಡನ್ ಸರ್ ಮೆಸ್ ಲೆಕ್ಕವನ್ನು ರಿಜಿಸ್ಟರಿನಲ್ಲಿ ಕೈಯಿಂದಲೇ ಮಾಡುತ್ತಿದ್ದರು. ತಿಂಗಳ ಒಟ್ಟು ಖರ್ಚನ್ನು ಎಲ್ಲರ ಹಾಜರಿ ದಿನಗಳ ಮೊತ್ತದಿಂದ ಭಾಗಿಸಿದರೆ ಒಂದು ದಿನದ ದರ ಸಿಗುತ್ತದೆ. ಅದನ್ನು ಅವರವರು ಉಂಡ ದಿನಗಳಿಂದ ಗುಣಿಸಿದರೆ ಅವರವರ ಬಿಲ್. ಲೆಕ್ಕ ಸರಳ, ಆದರೆ ಪ್ರತಿ ತಿಂಗಳೂ ಸರ್‌ಗೆ ಎರಡು ರಾತ್ರಿ ಹಿಡಿಯುತ್ತಿತ್ತು. ಇದನ್ನು ಪೈಥಾನ್‌ನಲ್ಲಿ ಬರೆಯೋಣ ಎಂದು ನಾನೂ ದೇವದುರ್ಗದ ನನ್ನ ಗೆಳೆಯನೂ ಹೊರಟೆವು.

ನಮ್ಮ ಕೆಲಸ ಮೂರು ಕಂಪ್ಯೂಟರ್‌ಗಳಲ್ಲಿ ಹಂಚಿಹೋಗಿತ್ತು. ವಾರದ ದಿನಗಳಲ್ಲಿ ರಾಯಚೂರಿನ ನಮ್ಮ ಕಾಲೇಜಿನ ಲ್ಯಾಬ್. ಶನಿವಾರ ಮಧ್ಯಾಹ್ನ ಬಸ್ ಹತ್ತಿದರೆ ಅವನಿಗೆ ದೇವದುರ್ಗದಲ್ಲಿ ಮಾಮುವಿನ ಜೆರಾಕ್ಸ್ ಅಂಗಡಿಯ ಕಂಪ್ಯೂಟರ್, ನನಗೆ ಮಾನ್ವಿಯಲ್ಲಿ ಅಣ್ಣನ ಹಳೆಯ ಲ್ಯಾಪ್‌ಟಾಪ್. ಇವುಗಳ ನಡುವೆ ಓಡಾಡುತ್ತಿದ್ದದ್ದು ಪೆನ್‌ಡ್ರೈವ್. ಫೋಲ್ಡರ್‌ಗಳ ಹೆಸರು ನೋಡಿದರೇ ನಮ್ಮ ಅವಸ್ಥೆ ತಿಳಿಯುತ್ತಿತ್ತು: ‘ಮೆಸ್’, ‘ಮೆಸ್-ಹೊಸದು’, ‘ಮೆಸ್-ಕೊನೆಯದು’, ‘ಮೆಸ್-ಕೊನೆಯದು-2’.

ಆ ವಾರ ಅವನು ದೇವದುರ್ಗದಲ್ಲಿ ಕೂತು, ಊರಿಗೆ ಹೋದ ದಿನಗಳನ್ನು ಕಳೆಯುವ ಭಾಗವನ್ನು ಬರೆದಿದ್ದ. ಸೋಮವಾರ ಬೆಳಿಗ್ಗೆ ಲ್ಯಾಬಿನ ‘ಮೆಸ್-ಕೊನೆಯದು’ ಫೋಲ್ಡರಿಗೆ ಹಾಕಿ, ನಾಲ್ಕು ಹೆಸರು ಕೊಟ್ಟು ಪರೀಕ್ಷಿಸಿಯೂ ಇದ್ದ. ಪೆನ್‌ಡ್ರೈವ್ ಅಂಗಡಿಯದು, ಮರಳಿಸಬೇಕಿತ್ತು. ಹಾಗಾಗಿ ಕಾಪಿ ಮಾಡುವ ಬದಲು ಕಟ್ ಮಾಡಿ ಪೇಸ್ಟ್ ಮಾಡಿದ್ದ. ಅದೇ ವಾರ ನಾನು ಮಾನ್ವಿಯಲ್ಲಿ ಬಿಲ್ ಮುದ್ರಣದ ಸಾಲುಗಳನ್ನು ಅಂದವಾಗಿ ಜೋಡಿಸಿದ್ದೆ. ಮಧ್ಯಾಹ್ನ ಲ್ಯಾಬಿಗೆ ಬಂದು ನನ್ನ ಫೋಲ್ಡರನ್ನು ಅವನದರ ಮೇಲೆ ಪೇಸ್ಟ್ ಮಾಡಿದೆ. ‘ಈ ಹೆಸರಿನ ಫೈಲ್ ಆಗಲೇ ಇದೆ, ಬದಲಿಸಲೇ?’ ಎಂದು ಕಂಪ್ಯೂಟರ್ ಕೇಳಿತು. ಓದದೆ ಹೌದು ಎಂದು ಒತ್ತಿದೆ. ಅವನು ಎರಡು ದಿನ ಬರೆದದ್ದು ಒಂದು ಕ್ಲಿಕ್ಕಿಗೆ ಹೋಯಿತು.

ತಿಂಗಳ ಕೊನೆಗೆ ಬಿಲ್ ಅಂಟಿಸಿದಾಗ ಗಲಾಟೆ. ಊರಿಗೆ ಹೋದವರ ಹಣದಲ್ಲಿ ಉಳಿದವರು ಉಂಡ ಹಾಗಾಗಿತ್ತು. ಒಬ್ಬರ ಹಕ್ಕು ಇನ್ನೊಬ್ಬರ ತಟ್ಟೆಗೆ ಬಿದ್ದಿತ್ತು. ರಜೆ ಲೆಕ್ಕ ಬರೆದವನು ಯಾರು ಎಂದು ಎಲ್ಲರಿಗೂ ಗೊತ್ತಿದ್ದರಿಂದ ಎಲ್ಲರೂ ಅವನನ್ನೇ ಹಿಡಿದರು.

“ನಾ ಬರ್ದಿದ್ದೆ ಭಾಯ್. ಸೋಮವಾರ ನೋಡ್ದಾಗ ಸರಿ ಬಂದಿತ್ತು. ಈಗ ಎಲ್ಲಿ ಹೋಗ್ಯಾದೋ ಗೊತ್ತಾಗವಲ್ದು” ಅಂದ.

ನನಗೆ ಆ ಕ್ಷಣದಲ್ಲೇ ಹೊಳೆಯಿತು. ಆದರೂ “ಪೆನ್‌ಡ್ರೈವ್‌ದಾಗ ವೈರಸ್ ಇರ್ಬೇಕು ಬಿಡು” ಅಂದುಬಿಟ್ಟೆ. ಅವನು ಎರಡು ದಿನ ಕಳೆದುಹೋದ ಫೈಲ್ ಹುಡುಕುತ್ತಲೇ ಇದ್ದ. ಶುಕ್ರವಾರ ಜುಮಾ ನಮಾಜ್ ಮುಗಿಸಿ ಹೊರಗೆ ಬರುವಾಗ ತಡೆಯಲಾಗದೆ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಮೊದ್ಲೇ ಹೇಳಿದ್ರ ಎರಡು ದಿನ ಹುಡುಕೋದು ತಪ್ತಿತ್ತಲ್ಲ” ಅಂದ. ಬೈದಿದ್ದರೆ ಇಷ್ಟು ನಾಟುತ್ತಿರಲಿಲ್ಲ.

ಇಬ್ಬರೂ ವಾರ್ಡನ್ ಸರ್ ಹತ್ತಿರ ಹೋಗಿ ಹೇಳಿದೆವು. ಕೈಯಿಂದ ಲೆಕ್ಕ ಮಾಡಿ ಹೊಸ ಬಿಲ್ ಅಂಟಿಸಿದರು. ಆಮೇಲೆ ನಮ್ಮ ಕಂಪ್ಯೂಟರ್ ಸೈನ್ಸ್ ಸರ್ ಇಬ್ಬರನ್ನೂ ಲ್ಯಾಬಿಗೆ ಕರೆದು ಒಂದೇ ಪ್ರಶ್ನೆ ಕೇಳಿದರು: “ಯಾವ ಸಾಲನ್ನು ಯಾರು, ಯಾವಾಗ, ಯಾಕೆ ಬದಲಿಸಿದರು ಅಂತ ತೋರಿಸೋಕೆ ನಿಮ್ಮ ಹತ್ತಿರ ಏನಿದೆ?” ಏನೂ ಇರಲಿಲ್ಲ. ಆ ದಿನ ಅವರು ಗಿಟ್ ತೋರಿಸಿದರು.

ಗಿಟ್ ಹುಟ್ಟಿದ್ದೂ ಒಂದು ಇಕ್ಕಟ್ಟಿನಿಂದಲೇ. ಲಿನಕ್ಸ್ ಕರ್ನೆಲ್ ಬರೆಯುವವರು ಜಗತ್ತಿನ ಎಲ್ಲ ಕಡೆ ಇದ್ದಾರೆ. ಅವರು ಬಳಸುತ್ತಿದ್ದ ಬಿಟ್‌ಕೀಪರ್ ಎಂಬ ತಂತ್ರಾಂಶ 2005ರಲ್ಲಿ ಅವರಿಗೆ ಉಚಿತವಾಗಿ ಸಿಗುವುದು ನಿಂತಿತು. ಆಗ ಲಿನಸ್ ಟೊರ್ವಾಲ್ಡ್ಸ್ ಅದೇ ವರ್ಷದ ಏಪ್ರಿಲ್‌ನಲ್ಲಿ ತಾವೇ ಗಿಟ್ ಬರೆಯಲು ಕೂತರು. ಸಾವಿರಾರು ಜನರ ಕೆಲಸಕ್ಕೆಂದು ಮಾಡಿದ್ದು ನಮ್ಮಿಬ್ಬರ ಮೂರು ಕಂಪ್ಯೂಟರ್‌ಗಳಿಗೂ ಹೊಂದಿತು.

ಅದು ಕೆಲಸ ಮಾಡುವ ರೀತಿ ಹೀಗೆ. ಒಂದು ಕೆಲಸ ಮುಗಿದಾಗ ‘ಕಮಿಟ್’ ಮಾಡುತ್ತೇವೆ. ಆ ಹೊತ್ತಿಗೆ ಫೈಲ್‌ಗಳು ಹೇಗಿದ್ದವು, ಬದಲಿಸಿದವರ ಹೆಸರು, ಸಮಯ, ಏನು ಮಾಡಿದೆವು ಎಂಬ ಒಂದು ಸಾಲು, ಇದಕ್ಕಿಂತ ಹಿಂದಿನ ಕಮಿಟ್ ಯಾವುದು ಎಂಬ ಗುರುತು, ಇಷ್ಟೂ ದಾಖಲಾಗುತ್ತವೆ. ಇದನ್ನು ಕೇಳಿ ನನ್ನ ಗೆಳೆಯ, “ಹದೀಸಿಗೆ ಸನದ್ ಇದ್ದಂಗ ಅದ ನೋಡು, ಯಾರಿಂದ ಯಾರಿಗೆ ಬಂತು ಅನ್ನೋದು ಜೊತಿಗೇ ಬರ್ತದ” ಅಂದ. ಸರ್ ನಕ್ಕು ತಲೆಯಾಡಿಸಿದರು.

ನಮ್ಮ ಕಮಿಟ್‌ಗಳನ್ನು ಎಲ್ಲರಿಗೂ ಸಾಮಾನ್ಯವಾದ ಒಂದು ಜಾಗಕ್ಕೆ ಕಳಿಸುವುದು ‘ಪುಶ್’, ಅಲ್ಲಿಂದ ಬೇರೆಯವರದನ್ನು ತಂದು ಸೇರಿಸಿಕೊಳ್ಳುವುದು ‘ಪುಲ್’. ಆ ಜಾಗ 2008ರಲ್ಲಿ ಶುರುವಾದ ಗಿಟ್‌ಹಬ್ ಆಗಬಹುದು. ಇಂಟರ್ನೆಟ್ ಇಲ್ಲದಿದ್ದರೆ ಪೆನ್‌ಡ್ರೈವೂ ಆಗಬಹುದು. ನಾವು ಪೆನ್‌ಡ್ರೈವಿನಲ್ಲೇ ಗಿಟ್‌ನ ಒಂದು ಖಾಲಿ ಭಂಡಾರ ಮಾಡಿ ಮೊದಲ ತಿಂಗಳು ಅದರಲ್ಲೇ ನಡೆಸಿದೆವು. ಪೆನ್‌ಡ್ರೈವ್ ಬಸ್ಸಿನಲ್ಲಿ ಬಿದ್ದುಹೋದರೂ ಭಯವಿಲ್ಲ. ಅಲ್ಲಿಯವರೆಗೆ ಪುಲ್ ಮಾಡಿಕೊಂಡ ಪ್ರತಿ ಕಂಪ್ಯೂಟರಿನಲ್ಲೂ ಮೊದಲ ದಿನದಿಂದಿನ ಪೂರ್ತಿ ಇತಿಹಾಸ ಇರುತ್ತದೆ.

ಈಗ ನಾನು ಆ ಸೋಮವಾರದ ತಪ್ಪನ್ನು ಮತ್ತೆ ಮಾಡಲು ಹೋದರೆ ಏನಾಗುತ್ತದೆ? ಅವನು ಪುಶ್ ಮಾಡಿದ್ದನ್ನು ನಾನು ಪುಲ್ ಮಾಡದೆ ನನ್ನದನ್ನು ಕಳಿಸಿದರೆ ಗಿಟ್ ಒಪ್ಪುವುದಿಲ್ಲ, ಮೊದಲು ಅವನದನ್ನು ತೆಗೆದುಕೋ ಎನ್ನುತ್ತದೆ. ಇಬ್ಬರೂ ಬೇರೆ ಬೇರೆ ಸಾಲುಗಳನ್ನು ಮುಟ್ಟಿದ್ದರೆ ತಾನೇ ಎರಡನ್ನೂ ಕೂಡಿಸುತ್ತದೆ. ಒಂದೇ ಸಾಲನ್ನು ಇಬ್ಬರೂ ಬದಲಿಸಿದ್ದರೆ ಎರಡನ್ನೂ ಮೇಲೆ ಕೆಳಗೆ ಇಟ್ಟು, ಗುರುತು ಹಾಕಿ ನಿಲ್ಲಿಸುತ್ತದೆ. ಯಾವುದು ಸರಿ ಎಂದು ಅದು ಹೇಳುವುದಿಲ್ಲ. ಹಬ್ಬದ ದಿನದ ವಿಶೇಷ ಊಟದ ಖರ್ಚನ್ನು ಆ ದಿನ ಊರಿನಲ್ಲಿದ್ದವರಿಗೂ ಹಾಕಬೇಕೋ ಬೇಡವೋ ಎಂಬಲ್ಲಿ ನಮ್ಮಿಬ್ಬರದು ಹೀಗೇ ಸಿಕ್ಕಿಕೊಂಡಿತು. ಅದನ್ನು ಬಿಡಿಸಲು ಇಬ್ಬರೂ ವಾರ್ಡನ್ ಸರ್ ಮುಂದೆ ಕೂತು ಮಾತಾಡಬೇಕಾಯಿತು.

ಇನ್ನೆರಡು ಸಂಗತಿ ನಾವು ತಡವಾಗಿ ಕಲಿತದ್ದು. ಒಂದು, ಗಿಟ್ ನೀವು ಕೊಟ್ಟ ಹೆಸರನ್ನೇ ನಂಬುತ್ತದೆ. ಲ್ಯಾಬಿನಲ್ಲಿ ಎಲ್ಲರಿಗೂ ಒಂದೇ ಲಾಗಿನ್, ಹಾಗಾಗಿ ಮೊದಲ ವಾರ ಅವನು ಮಾಡಿದ ಕಮಿಟ್‌ಗಳೂ ನನ್ನ ಹೆಸರಿನಲ್ಲೇ ಬಿದ್ದವು. ಈಗ ಕೂತ ಕೂಡಲೇ ಹೆಸರು ನೋಡಿ ಬದಲಿಸುತ್ತೇವೆ. ಎರಡು, ಹುಡುಗರ ಹೆಸರು, ಫೋನ್ ನಂಬರ್, ಬಾಕಿ ಹಣ ಇರುವ ಫೈಲನ್ನು ಗಿಟ್‌ಗೆ ಸೇರಿಸಬಾರದು. ಒಮ್ಮೆ ಸೇರಿದರೆ ಆಮೇಲೆ ಅಳಿಸಿದರೂ ಹಳೆಯ ಇತಿಹಾಸದಲ್ಲಿ ಉಳಿಯುತ್ತದೆ. ಅದನ್ನು ಬಿಟ್ಟುಬಿಡು ಎಂದು ಗಿಟ್‌ಇಗ್ನೋರ್ ಎಂಬ ಫೈಲಿನಲ್ಲಿ ಮೊದಲೇ ಬರೆದಿಡಬೇಕು.

ಇದು ಕೋಡ್ ಬರೆಯುವವರಿಗೆ ಮಾತ್ರ ಎಂದುಕೊಳ್ಳಬೇಡಿ. ವಿ. ಕೃಷ್ಣ ಅವರು ಸುಮಾರು ನಾಲ್ಕು ದಶಕ ಒಬ್ಬರೇ ಕೂತು ಕಟ್ಟಿದ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಒಂದೂವರೆ ಲಕ್ಷದಷ್ಟು ಪದಗಳಿವೆ. 2019ರಲ್ಲಿ ಅದು ಎಲ್ಲರಿಗೂ ಮುಕ್ತವಾಯಿತು. ಅದರ ದತ್ತಾಂಶ ಗಿಟ್‌ಹಬ್‌ನಲ್ಲಿದೆ, ಯಾರು ಬೇಕಾದರೂ ಪೂರ್ತಿ ಪ್ರತಿ ತೆಗೆದುಕೊಳ್ಳಬಹುದು. ಒಬ್ಬರ ಜೀವಮಾನದ ಕೆಲಸ ಒಂದೇ ಕಂಪ್ಯೂಟರಿನಲ್ಲಿ ಉಳಿದಿದ್ದರೆ ಏನಾಗಬಹುದಿತ್ತು ಎಂದು ನಮ್ಮ ಎರಡು ದಿನದ ಕೆಲಸ ಹೋದ ಮೇಲೆ ನನಗೆ ಅರ್ಥವಾಗುತ್ತದೆ.

ನಮ್ಮ ನಿಯಮ ಈಗ ಇಷ್ಟೇ: ಕೂತ ಕೂಡಲೇ ಪುಲ್, ಏಳುವ ಮುಂಚೆ ಕಮಿಟ್ ಮತ್ತು ಪುಶ್. ದೇವದುರ್ಗವಾದರೂ ಮಾನ್ವಿಯಾದರೂ ಲ್ಯಾಬ್ ಆದರೂ ಇದೇ. ಫೋಲ್ಡರ್ ಈಗ ಒಂದೇ, ಹೆಸರು ‘ಮೆಸ್’.

ರಜೆ ಲೆಕ್ಕದ ಭಾಗವನ್ನು ಗೆಳೆಯ ಹೇಳುತ್ತಾ ಹೋದ, ನಾನು ಮತ್ತೆ ಬರೆದೆ. ಅದನ್ನು ಕಮಿಟ್ ಮಾಡುವಾಗ ನಾನು ಹಾಕಿದ ಸಾಲು ಈಗಲೂ ಇತಿಹಾಸದಲ್ಲಿದೆ: ‘ರಜೆ ದಿನ ಕಳೆಯುವ ಭಾಗ ಮತ್ತೆ ಸೇರಿಸಿದೆ. ಮೊದಲಿನದನ್ನು ಅಳಿಸಿದ್ದು ನಾನು.’ ಮುಂದಿನ ವರ್ಷ ಈ ಪ್ರೋಗ್ರಾಮನ್ನು ಪ್ರಥಮ ಪಿಯು ತಮ್ಮಂದಿರು ವಹಿಸಿಕೊಳ್ಳುತ್ತಾರೆ. ಬರುವವರು ಅದನ್ನೂ ಓದಿಕೊಳ್ಳಲಿ.